ಸಂತಾನಭಾಗ್ಯ ಮತ್ತು ಪುರುಷನ ಪರೀಕ್ಷೆ

ಕನ್ನಡದಲ್ಲಿ 'ಬಂಜೆ' ಎಂಬ ಶಬ್ದವಿದೆ. ಅದು ಹೆಣ್ಣಿಗೆ ಮಾತ್ರ ಅಂಟುವ ಶಬ್ದ. ಮಕ್ಕಳಾಗದ ಗಂಡಸನ್ನು ಕರೆಯಲು ಆಡುಮಾತಿನಲ್ಲಿ ಅಂತಹ ಪದವೊಂದನ್ನು ನಾವು ರೂಢಿಸಿಕೊಂಡೇ ಇಲ್ಲ. ಆದರೆ ಪವಿತ್ರ ಕುರ್‌ಆನಿನ ಅಶ್ಶೂರಾ ಅಧ್ಯಾಯದ 50ನೇ ಸೂಕ್ತದಲ್ಲಿ ಬರುವ 'ಅಕೀಮ್' ಎಂಬ ಪದವು ಗಂಡಿಗೂ ಹೆಣ್ಣಿಗೂ ಸಮಾನವಾಗಿ ಅನ್ವಯಿಸುತ್ತದೆ. ಪ್ರವಾದಿ ಝಕರಿಯ್ಯಾ(ಅ)ರನ್ನೇ ನೋಡಿ. ಆಲಿ ಇಮ್ರಾನ್ ಅಧ್ಯಾಯದ 40ನೇ ಸೂಕ್ತದಲ್ಲಿ ಅವರು ಮೊದಲು ಹೇಳಿಕೊಳ್ಳುವುದು ತಮ್ಮ ಮುಪ್ಪಿನ ಬಗ್ಗೆ. ಪತ್ನಿಯ ವಿಷಯ ಆಮೇಲೆ ಬರುತ್ತದೆ.

ನಮ್ಮ ಸೀತೂರು, ಕೊಪ್ಪ, ಶೃಂಗೇರಿಯ ಕಡೆ ನಡೆಯುವುದು ತದ್ವಿರುದ್ಧ. ಮದುವೆಯಾಗಿ ವರ್ಷವೆರಡು ಕಳೆದರೆ ಸೊಸೆಯನ್ನು ವೈದ್ಯರಲ್ಲಿಗೆ, ಅಲ್ಲಿಂದ ತಾಯಿತ ಕಟ್ಟುವವರಲ್ಲಿಗೆ ಅಲೆಸುತ್ತಾರೆ. ಮಗನಿಗೊಂದು ಪರೀಕ್ಷೆ ಮಾಡಿಸೋಣವೆಂದರೆ ಮನೆಯವರ ಮುಖ ಕಪ್ಪಿಡುತ್ತದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಪಾಲೂ ಇರುತ್ತದೆಂಬುದು ವೈದ್ಯಶಾಸ್ತ್ರದಲ್ಲಿ ಸ್ಥಾಪಿತವಾದ ಮಾತು.

ಮೊದಲ ಪರೀಕ್ಷೆ ಸರಳವಾದುದು. ಎರಡರಿಂದ ಏಳು ದಿನ ಸಂಯಮದಿಂದಿದ್ದು ಕೊಟ್ಟ ವೀರ್ಯದಲ್ಲಿ ವೀರ್ಯಾಣುಗಳ ಸಂಖ್ಯೆ, ಚಲನೆ, ಆಕಾರಗಳನ್ನು ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯು ಮಿಲಿಲೀಟರಿಗೆ 1.6 ಕೋಟಿ ಸಂಖ್ಯೆ ಮತ್ತು ಶೇಕಡಾ 42 ಚಲನೆಯನ್ನು ಕೆಳಮಿತಿಯೆಂದು ಕೊಟ್ಟಿದೆ.

ಆದರೆ ಇದೆಲ್ಲವೂ ಸರಿಯಿದ್ದು ಗರ್ಭ ನಿಲ್ಲದಿರುವುದುಂಟು. ನಿಂತ ಗರ್ಭ ಮತ್ತೆ ಮತ್ತೆ ಇಳಿದುಹೋಗುವುದುಂಟು. ವೀರ್ಯಾಣುವಿನ ತಲೆಯೊಳಗೆ ತಂದೆಯ ಪಾಲಿನ ಡಿಎನ್‌ಎ ಎಂಬ ಎಳೆ ಒತ್ತಾಗಿ ಸುತ್ತಿಕೊಂಡಿರುತ್ತದೆ. ಆ ಎಳೆ ಅಲ್ಲಲ್ಲಿ ತುಂಡಾಗಿದ್ದರೂ ವೀರ್ಯಾಣು ಚೆನ್ನಾಗಿಯೇ ಈಜೀತು. ಸಣ್ಣಪುಟ್ಟ ಹಾನಿಯನ್ನು ಅಂಡವು ತಾನೇ ರಿಪೇರಿ ಮಾಡಿಕೊಳ್ಳುತ್ತದೆ (ಸೃಷ್ಟಿಕರ್ತನ ಏರ್ಪಾಡು ನೋಡಿ!), ಹಾನಿ ಹೆಚ್ಚಾದರೆ ಅದರ ಕೈಮೀರುತ್ತದೆ.

ಈ ಹಾನಿಯನ್ನು ಅಳೆಯುವ ಪರೀಕ್ಷೆಗಳು ಹಲವಿವೆ. ಒಂದರಲ್ಲಿ ವಿದ್ಯುತ್ ಹಾಯಿಸಿದಾಗ ತುಂಡಾದ ಎಳೆಗಳು ಧೂಮಕೇತುವಿನ ಬಾಲದಂತೆ ಹಿಂದೆ ಚಾಚಿಕೊಳ್ಳುತ್ತವೆ. ಇನ್ನೊಂದರಲ್ಲಿ ಆರೋಗ್ಯವಂತ ವೀರ್ಯಾಣುವಿನ ಸುತ್ತ ಚಂದ್ರನ ಸುತ್ತಲಿನ ಪರಿವೇಷದಂತೆ ವೃತ್ತ ಮೂಡುತ್ತದೆ. ಹಾನಿಯಾದುದಕ್ಕೆ ಆ ವೃತ್ತವಿಲ್ಲ, ಇದ್ದರೂ ಕಿರಿದು. ಫಲಿತಾಂಶ ಶೇಕಡಾವಾರಿನಲ್ಲಿ ಬರುತ್ತದೆ. ವಿಧಾನ ಬದಲಾದರೆ ಮಿತಿಯೂ ಬದಲಾಗುವುದರಿಂದ ಎರಡು ಲ್ಯಾಬುಗಳ ವರದಿ ಹಿಡಿದು ಹೋಲಿಸುತ್ತಾ ಕೂರಬೇಡಿ.

ಎಲ್ಲರಿಗೂ ಇದು ಬೇಕೇ? ಬೇಡ. ಅಮೆರಿಕದ ತಜ್ಞರ 2020ರ ಮಾರ್ಗಸೂಚಿಯು ಮೊದಲ ಹಂತದಲ್ಲೇ ಇದನ್ನು ಮಾಡಿಸಬಾರದೆನ್ನುತ್ತದೆ; ಪದೇ ಪದೇ ಗರ್ಭಪಾತವಾದಾಗ ಮಾತ್ರ ಪರಿಗಣಿಸಲು ಹೇಳುತ್ತದೆ. ಯುರೋಪಿನ ಮೂತ್ರರೋಗತಜ್ಞರು ಕಾರಣ ತಿಳಿಯದ ಸಂತಾನಹೀನತೆಯನ್ನೂ ಸೇರಿಸಿದ್ದಾರೆ. ಮೊದಲ ದಿನವೇ ದುಬಾರಿ ಪರೀಕ್ಷೆಗಳ ಪಟ್ಟಿ ಕೊಟ್ಟರೆ ಏಕೆಂದು ಕೇಳುವ ಹಕ್ಕು ನಿಮಗಿದೆ.

ಹಾನಿಗೆ ಕಾರಣಗಳು ಧೂಮಪಾನ, ವೃಷಣದ ರಕ್ತನಾಳಗಳ ಊತ, ಸೋಂಕು, ಜ್ವರ, ಬೊಜ್ಜು, ವಯಸ್ಸು, ಅತಿಯಾದ ಶಾಖ. ಕೆಲವು ಕೀಟನಾಶಕಗಳ ಮೇಲೂ ಸಂಶಯವಿದೆ. ತೋಟಕ್ಕೆ ಔಷಧಿ ಹೊಡೆಯುವವರು, ಅಡಿಕೆ ಬೇಯಿಸುವ ಹಂಡೆಯ ಮುಂದೆ ದಿನವಿಡೀ ನಿಲ್ಲುವವರು ವೈದ್ಯರಿಗೆ ಈ ಮಾತನ್ನು ತಪ್ಪದೆ ತಿಳಿಸಬೇಕು. ವೀರ್ಯಾಣು ಹುಟ್ಟಿ ಬಲಿಯಲು ಸುಮಾರು 74 ದಿನ ಬೇಕು. ಆದ್ದರಿಂದ ಬೀಡಿ ಬಿಟ್ಟವನು ಫಲ ನೋಡಲು ಮೂರು ತಿಂಗಳಾದರೂ ಕಾಯಬೇಕು. ಅಂಗಡಿಯ ವಿಟಮಿನ್ ಮಾತ್ರೆಗಳನ್ನು ಬಹಳ ನಂಬಬೇಡಿ. 2020ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಅವುಗಳಿಂದ ಈ ಹಾನಿ ತಗ್ಗಲಿಲ್ಲ.

ವೀರ್ಯವನ್ನು ಪರೀಕ್ಷೆಗೆ ಕೊಡುವುದು ಧರ್ಮಸಮ್ಮತವೇ ಎಂದು ಯುವಕರು ಅಳುಕುತ್ತಾ ಕೇಳುವುದುಂಟು. ಚಿಕಿತ್ಸೆಯ ಅಗತ್ಯಕ್ಕಾಗಿ, ಸಾಧ್ಯವಾದಷ್ಟೂ ಪತ್ನಿಯ ಸಹಕಾರದಿಂದ ಸಂಗ್ರಹಿಸಿ ಕೊಡಲು ವಿದ್ವಾಂಸರು ಅನುಮತಿಸಿದ್ದಾರೆ. ಮುಂದೆ ಪ್ರನಾಳ ಶಿಶುವಿನ ಮಾತು ಬಂದರೆ, 1986ರಲ್ಲಿ ಅಮ್ಮಾನಿನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯ ನಿರ್ಣಯ ಸ್ಪಷ್ಟವಾಗಿದೆ: ವಿವಾಹಬಂಧನದಲ್ಲಿರುವ ಪತಿ ಪತ್ನಿಯರದ್ದಾದರೆ ಅಗತ್ಯವಿದ್ದಾಗ ಸಮ್ಮತ, ಮೂರನೆಯವರದ್ದು ನಿಷಿದ್ಧ.

ನಮ್ಮವರಿಗೆ ಆಗುಂಬೆ ಘಟ್ಟ ಇಳಿದರೆ ಮಣಿಪಾಲವಿದೆ. ಅಲ್ಲಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ವೀರ್ಯಾಣುವಿನ ಡಿಎನ್‌ಎ ಹಾನಿಯ ಕುರಿತೇ ಸಂಶೋಧನೆ ನಡೆದಿದೆ. ಹೋಗುವಾಗ ಇಬ್ಬರೂ ಒಟ್ಟಿಗೆ ಹೋಗಿ, ಹಳೆಯ ವರದಿಗಳನ್ನು ಕೊಂಡೊಯ್ಯಿರಿ. ಹಿಂದಿರುಗಿದ ಮೇಲೆ ಮನೆಯ ಹಿರಿಯರು ಕೇಳಿದರೆ, 'ಪರೀಕ್ಷೆ ನನಗೂ ಆಗಿದೆ' ಎಂಬ ಮಾತನ್ನು ಗಂಡನೇ ಹೇಳಲಿ. ಅದನ್ನು ಹೆಂಡತಿಯ ಬಾಯಿಂದ ಹೇಳಿಸಬೇಡಿ.