ಹೊಲಿಗೆಯಿಲ್ಲದೆ ರಕ್ತನಾಳದ ಜೋಡಣೆ

ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ತುಂಡಾದ ಬೆರಳನ್ನು ಮರಳಿ ಕೂಡಿಸಬಹುದು. ಜಪಾನಿನಲ್ಲಿ ಕೊಮಾತ್ಸು ಮತ್ತು ತಮಾಯಿ ಎಂಬ ವೈದ್ಯರು 1965ರಲ್ಲೇ ಪೂರ್ತಿ ಕಡಿದುಹೋದ ಹೆಬ್ಬೆರಳನ್ನು ಜೋಡಿಸಿದ್ದರು. ಇದರಲ್ಲಿ ಕಷ್ಟದ್ದು ಎಲುಬಲ್ಲ, ರಕ್ತನಾಳ. ಬೆರಳಿನ ನಾಳದ ದಪ್ಪ ಸುಮಾರು ಒಂದು ಮಿಲಿಮೀಟರು. ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೂದಲಿಗಿಂತ ಸಣ್ಣ ದಾರದಿಂದ ಅದನ್ನು ಹೊಲಿಯಬೇಕು. ಕಸಿ ಕಟ್ಟುವಾಗ ತೊಗಟೆಯೊಳಗಿನ ಹಸಿರು ಪದರಗಳು ಒಂದಕ್ಕೊಂದು ತಾಗಬೇಕಲ್ಲವೇ? ಇಲ್ಲಿಯೂ ಒಳಪದರಕ್ಕೆ ಒಳಪದರ ಸೇರಬೇಕು. ಹೊಲಿಗೆಯ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದರೆ ಬೆರಳು ಉಳಿಯದು.

ಹೊಲಿಗೆ ತಪ್ಪಿಸುವ ಯತ್ನ ಹಳೆಯದು. 1900ರಲ್ಲೇ ಎರ್ವಿನ್ ಪೇರ್ ಎಂಬ ವೈದ್ಯರು ದೇಹದಲ್ಲಿ ಕರಗುವ ಮೆಗ್ನೀಷಿಯಂ ಕೊಳವೆ ಬಳಸಿದ್ದರು. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು ಇಲಿಗಳಲ್ಲಿ ಪೊಲೊಕ್ಸಮರ್ ಎಂಬ ವಸ್ತುವನ್ನು ಪರೀಕ್ಷಿಸಿದರು. ಅದರ ಗುಣ ತುಪ್ಪಕ್ಕೆ ತದ್ವಿರುದ್ಧ: ತಣ್ಣಗಿದ್ದರೆ ನೀರು, ಬಿಸಿಯಾದರೆ ಗಟ್ಟಿ. ನಾಳದ ತುದಿಗಳಲ್ಲಿ ತುಂಬಿ ಬಿಸಿ ಮಾಡಿದಾಗ ಬಾಯಿ ಗುಂಡಗೆ ತೆರೆದು ನಿಲ್ಲುತ್ತದೆ. ಹೊರಗಿನಿಂದ ವೈದ್ಯಕೀಯ ಅಂಟು ಹಚ್ಚುತ್ತಾರೆ. ಮೈಬಿಸಿಗೆ ಇಳಿದಾಗ ಒಳಗಿನದು ಕರಗಿ ರಕ್ತದೊಡನೆ ಹೋಗುತ್ತದೆ. ಹೊಲಿಗೆಗಿಂತ ಐದು ಪಟ್ಟು ಬೇಗ!

ಆದರೆ ಇದು ಇಲಿಗಳ ಮೇಲಿನ ಪ್ರಯೋಗ. ಆಸ್ಪತ್ರೆಗಳಲ್ಲಿ ಬೆರಳಿನ ನಾಳಗಳನ್ನು ಇಂದಿಗೂ ಸಾಮಾನ್ಯವಾಗಿ ಹೊಲಿದೇ ಕೂಡಿಸುತ್ತಾರೆ, ಗಂಟೆಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ದಾರಿಯಲ್ಲಿ ಬೆರಳು ಕೆಡದಂತೆ ನಾವೇ ನೋಡಿಕೊಳ್ಳಬೇಕು. ಗಾಯಕ್ಕೆ ಅರಿಶಿನ, ಕಾಫಿಪುಡಿ ಮೆತ್ತಬೇಡಿ; ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಡಿ. ಮಂಜು ನೇರವಾಗಿ ಬೆರಳಿಗೆ ತಾಗಬಾರದು. ಹೊರಡುವಾಗಲೇ ಆಸ್ಪತ್ರೆಗೆ ಫೋನ್ ಮಾಡಿ, ಇಂಥ ಜೋಡಣೆ ಮಾಡುವ ವೈದ್ಯರಿದ್ದಾರೆಯೇ ಎಂದು ಕೇಳಿರಿ.