ಮೂಲಿಕೆಯ ಸಾರವನ್ನು ಯಾವುದರಲ್ಲಿ ಇಳಿಸೋಣ?

ಮನೆಯಲ್ಲಿ ಮದ್ದು ಮಾಡಿಕೊಳ್ಳುವವರು ಯಾವ ಗಿಡ, ಅದರ ಯಾವ ಭಾಗ, ಎಷ್ಟು ಪ್ರಮಾಣ ಎಂಬುದನ್ನೆಲ್ಲ ಹಿರಿಯರಲ್ಲಿ ಕೇಳಿ ತಿಳಿಯುತ್ತಾರೆ. ಆದರೆ ಗಿಡದ ಗುಣವನ್ನು ಹೀರಿಕೊಳ್ಳುವ ದ್ರವ ಯಾವುದಿರಬೇಕೆಂದು ಕೇಳುವವರು ವಿರಳ. ಟಿಂಚರ್ ಎಂಬ ಹೆಸರಿನ ಔಷಧಗಳಲ್ಲಿ ಈ ದ್ರವ ಸಾಮಾನ್ಯವಾಗಿ ಮದ್ಯಸಾರ. ಆದ್ದರಿಂದ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಆರೋಗ್ಯದ್ದೂ ಹೌದು, ಹಲಾಲ್-ಹರಾಮ್‌ಗಳದ್ದೂ ಹೌದು.

ಮದ್ಯಸಾರವನ್ನು ಔಷಧ ತಯಾರಕರು ಮೆಚ್ಚಲು ಕಾರಣವಿದೆ. ನೀರಿನಲ್ಲಿ ಕರಗುವ ಅಂಶಗಳನ್ನೂ ನೀರಿಗೆ ಒಗ್ಗದ ಅಂಟು, ಎಣ್ಣೆಯಂಶಗಳನ್ನೂ ಅದು ಎಳೆದುಕೊಳ್ಳುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಇದನ್ನು ಅಲ್ಲಗಳೆಯಬೇಕಾಗಿಲ್ಲ. ಮದ್ಯದಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆಯೆಂದು ಪವಿತ್ರ ಕುರ್‌ಆನ್ ತಾನೇ ಹೇಳಿ, ಅದರ ಪಾಪವು ಪ್ರಯೋಜನಕ್ಕಿಂತ ದೊಡ್ಡದೆಂದು ಎಚ್ಚರಿಸಿದೆ. ಔಷಧಕ್ಕಾಗಿ ಮದ್ಯ ತಯಾರಿಸುತ್ತೇನೆಂದ ತಾರಿಕ್ ಬಿನ್ ಸುವೈದ್‌(ರ)ರಿಗೆ, ಅದು ಔಷಧವಲ್ಲ, ರೋಗವೆಂದು ಪ್ರವಾದಿ(ಸ)ರು ಉತ್ತರಿಸಿದ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಬೇರೆ ದಾರಿಯಿಲ್ಲದಾಗ ವೈದ್ಯರು ಬರೆದುಕೊಟ್ಟ ಔಷಧದಲ್ಲಿ ಅಲ್ಪ ಮದ್ಯಸಾರವಿದ್ದರೆ ಏನೆಂಬುದು ಬೇರೆ ಚರ್ಚೆ. ಅಂಥ ಔಷಧವನ್ನು ವೈದ್ಯರನ್ನೂ ಬಲ್ಲ ಆಲಿಮರನ್ನೂ ಕೇಳದೆ ಅರ್ಧದಲ್ಲಿ ನಿಲ್ಲಿಸಬೇಡಿ. ಆದರೆ ಮನೆಯಲ್ಲಿ ನಾವೇ ಕೈಯಾರೆ ಮಾಡುವಾಗ ಬೇರೆ ದಾರಿಗಳು ಬೇಕಾದಷ್ಟಿವೆ. ಬಿಸಿ ಚಹಾಕ್ಕೆ ಟಿಂಚರಿನ ಹನಿ ಹಾಕಿದರೆ ಮದ್ಯಸಾರ ಹಾರಿಹೋಗುತ್ತದೆ ಎಂಬ ಸಮಾಧಾನವೂ ಪೂರ್ತಿ ನಿಜವಲ್ಲ. ಒಂದಂಶ ಉಳಿದೇ ಉಳಿಯುತ್ತದೆ.

ಮೊದಲನೆಯ ದಾರಿ ನೀರು. ಯುನಾನಿಯ ಜೋಶಾಂದ, ನಮ್ಮ ಅಜ್ಜಿಯರ ಕಷಾಯ ಎರಡೂ ಇದೇ. ಬೇರು, ತೊಗಟೆಗಳನ್ನು ಕುದಿಸಬೇಕು. ತುಳಸಿ, ಓಮ, ದೊಡ್ಡಪತ್ರೆಯಂಥ ಪರಿಮಳದ ವಸ್ತುಗಳನ್ನು ಮಾತ್ರ ಕುದಿಯುವ ನೀರು ಸುರಿದು ಮುಚ್ಚಿಡಬೇಕು. ಮನೆಯೆಲ್ಲ ಘಮಘಮಿಸಿದರೆ ಗುಣ ಲೋಟದಲ್ಲಿಲ್ಲ, ಗಾಳಿಯಲ್ಲಿದೆ. ಅರಿಶಿನದ ಹಳದಿ ಅಂಶ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಕೊಬ್ಬಿನಲ್ಲಿ ಕರಗುತ್ತದೆ. ಅದನ್ನು ಕೆನೆಹಾಲಿನಲ್ಲಿ ಕುದಿಸುವ ರೂಢಿ ಸುಮ್ಮನೆ ಬಂದದ್ದಲ್ಲ.

ನೀರಿನ ದೌರ್ಬಲ್ಯವೆಂದರೆ ಅದು ಬೇಗ ಕೆಡುತ್ತದೆ, ಸಿಹಿಯಿದ್ದರೆ ಹುಳಿತು ಅಮಲಾಗುತ್ತದೆ. ಪ್ರವಾದಿ(ಸ)ರಿಗಾಗಿ ಒಣದ್ರಾಕ್ಷಿ ನೆನೆಹಾಕುತ್ತಿದ್ದರು. ಮೂರನೆಯ ದಿನದ ಸಂಜೆಯವರೆಗೆ ಅವರು ಅದನ್ನು ಕುಡಿಯುತ್ತಿದ್ದರು, ಆಮೇಲೂ ಉಳಿದರೆ ತಾವಿಟ್ಟುಕೊಳ್ಳುತ್ತಿರಲಿಲ್ಲ ಎಂದು ಇಬ್ನು ಅಬ್ಬಾಸ್‌(ರ)ರ ವರದಿಯಿದೆ. ಎಷ್ಟು ನಿಖರವಾದ ಎಚ್ಚರ! ನಮ್ಮ ಕರಾವಳಿಯ ಸೆಖೆಯಲ್ಲಿ ಮೂರು ದಿನವೂ ಹೆಚ್ಚೇ. ಕಷಾಯವನ್ನು ಅಂದಂದೇ ಮಾಡಿ ಮುಗಿಸಿ. ನೊರೆಯೆದ್ದರೆ, ಹುಳಿವಾಸನೆ ಬಂದರೆ ಚೆಲ್ಲಿಬಿಡಿ. ಅಂಗಡಿಯ ಅರಿಷ್ಟ, ಆಸವಗಳನ್ನು ಬೇಕೆಂದೇ ಹೀಗೆ ಹುಳಿಸಿ ತಯಾರಿಸುತ್ತಾರೆ. ಅವುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 5ರಿಂದ 10ರಷ್ಟು ಮದ್ಯಸಾರ ತಾನಾಗಿ ಹುಟ್ಟಿರುತ್ತದೆ. ಗಿಡಮೂಲಿಕೆಯದ್ದಲ್ಲವೇ ಎಂದು ಕಣ್ಣುಮುಚ್ಚಿ ತರುವ ಮೊದಲು ಚೀಟಿ ಓದಿ.

ಹೆಚ್ಚು ದಿನ ಇಡಬೇಕಾದರೆ ಸಿರ್ಕಾ ಉತ್ತಮ. ಅದು ಒಳ್ಳೆಯ ವ್ಯಂಜನವೆಂದು ಪ್ರವಾದಿ(ಸ)ರು ಹೊಗಳಿದ್ದಾರೆ. ದ್ರಾಕ್ಷಿ, ಕಬ್ಬಿನ ರಸ ತಾನಾಗಿಯೇ ಸಿರ್ಕಾ ಆದರೆ ಅದು ಹಲಾಲ್ ಎಂಬುದರಲ್ಲಿ ತಕರಾರಿಲ್ಲ. ಮದ್ಯಕ್ಕೆ ಏನನ್ನಾದರೂ ಬೆರೆಸಿ ಸಿರ್ಕಾ ಮಾಡುವುದನ್ನು ಹನಫಿಗಳು ಒಪ್ಪುತ್ತಾರೆ, ಶಾಫಿಈಗಳು ಒಪ್ಪುವುದಿಲ್ಲ. ಅಗ್ಗದ ಬಿಳಿ ವಿನೆಗರ್ ಎಷ್ಟೋ ಸಲ ಅಸೆಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು. ಅದನ್ನು ಉಪ್ಪಿನಕಾಯಿಗೆ ಬಿಡಿ, ಮದ್ದಿಗೆ ಹುದುಗಿನ ಸಿರ್ಕಾ ಆರಿಸಿ. ಒಣಶುಂಠಿಯ ಚೂರುಗಳನ್ನು ಗಾಜಿನ ಶೀಸೆಯಲ್ಲಿ ಮೂರನೆಯ ಒಂದು ಭಾಗ ತುಂಬಿ, ಮುಳುಗುವಂತೆ ಸಿರ್ಕಾ ಸುರಿದು, ದಿನಕ್ಕೊಮ್ಮೆ ಕುಲುಕುತ್ತಾ ಎರಡು ವಾರ ಇಡಿ. ಲೋಹದ ಮುಚ್ಚಳ ಬೇಡ, ತುಕ್ಕು ಬಿಡುತ್ತದೆ. ಸೋಸಿ ಸಮಪಾಲು ಜೇನು ಬೆರೆಸಿದರೆ, ಯುನಾನಿ ಹಕೀಮರ ಸಿಕಂಜಬೀನ್‌ನ ಒಂದು ಬಗೆ ಸಿದ್ಧ. ಒಂದು ಚಮಚವನ್ನು ಲೋಟದಷ್ಟು ಬೆಚ್ಚನೆಯ ನೀರಿಗೆ ಹಾಕಿ ಕುಡಿಯಬಹುದು. ಹೊಟ್ಟೆಹುಣ್ಣು ಇರುವವರಿಗೆ ಇದು ಸಲ್ಲದು.

ಜೇನಿನಲ್ಲಿ ಜನರಿಗೆ ಶಮನವಿದೆಯೆಂದು ಕುರ್‌ಆನ್ ಹೇಳಿದೆ. ಹಾಗೆಂದು ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲದು. ಮಧುಮೇಹಿಗಳೂ ಲೆಕ್ಕವಿಡಬೇಕು. ಜೇನಿಗೆ ಹಾಕುವ ಮೂಲಿಕೆ ಚೆನ್ನಾಗಿ ಒಣಗಿರಲಿ, ಹಸಿಯದಾದರೆ ಜೇನೂ ಹುಳಿಯುತ್ತದೆ.

ಗ್ಲಿಸರಿನ್ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಸಿಹಿಯಾದ, ಅಮಲಿಲ್ಲದ ಈ ದ್ರವವನ್ನು ಮೂರು ಪಾಲು, ನೀರನ್ನು ಒಂದು ಪಾಲು ಸೇರಿಸಿ ಒಣ ಮೂಲಿಕೆಯನ್ನು ಕೆಲವು ವಾರ ನೆನೆಹಾಕಿದರೆ ಸಾರ ಇಳಿಯುತ್ತದೆ, ಬಾಳಿಕೆಯೂ ಬರುತ್ತದೆ. ಆದರೆ ಅಂಟು, ಎಣ್ಣೆಯಂಶಗಳನ್ನು ಅದು ಮದ್ಯಸಾರದಂತೆ ಎಳೆಯಲಾರದು. ಗ್ಲಿಸರಿನ್ ಪ್ರಾಣಿಯ ಕೊಬ್ಬಿನಿಂದಲೂ ಬರುತ್ತದೆ, ಹಂದಿಯದೂ ಇರಬಹುದು. ಸಸ್ಯಮೂಲದ್ದೆಂದು ನಮೂದಿಸಿದ್ದನ್ನೇ ಕೊಳ್ಳಿ. ಇನ್ನೂ ಮುಖ್ಯವಾಗಿ, ಸೇವನೆಗೆ ಯೋಗ್ಯವೆಂದು ಬರೆದಿರಬೇಕು. 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಎಂಬ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಮಾರಿದಾಗ ನೂರಕ್ಕೂ ಹೆಚ್ಚು ಜನ ಸತ್ತರು. ಕೊಂದದ್ದು ಔಷಧವಲ್ಲ, ಅದನ್ನು ಕರಗಿಸಿದ ದ್ರವ. ಅದೇ ವಿಷ ಬೆರೆತ ಕೆಮ್ಮಿನ ಸಿರಪ್ಪುಗಳ ಬಗ್ಗೆ 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಮಕ್ಕಳ ಸಾವಿನ ಬಳಿಕ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ನೀಡಬೇಕಾಯಿತು. ಗ್ಲಿಸರಿನ್ನಿನಲ್ಲೂ ಈ ವಿಷ ಬೆರಕೆಯಾಗಿ ಸಿಕ್ಕಿದ್ದುಂಟು. ಕಾರ್ಖಾನೆಗೆಂದು ಡಬ್ಬಿಯಲ್ಲಿ ಬಿಡಿಯಾಗಿ ಮಾರುವುದನ್ನು ಅಗ್ಗವೆಂದು ತರಬೇಡಿ. ಗಾಯ ಒರೆಸುವ ಸ್ಪಿರಿಟ್, ಪಾಲಿಶ್ ಸ್ಪಿರಿಟ್‌ಗಳಂತೂ ನೇರ ವಿಷ. ಅವುಗಳಲ್ಲಿರಬಹುದಾದ ಮೆಥನಾಲ್ ಕಣ್ಣನ್ನೂ ಪ್ರಾಣವನ್ನೂ ಕಸಿಯುತ್ತದೆ.

ಎಣ್ಣೆಯನ್ನು ಮೈಗೆ, ತಲೆಗೆ ಹಚ್ಚಲು ಮಾತ್ರ ಇಟ್ಟುಕೊಳ್ಳಿ. ಒಂದೆಲಗದ ರಸವನ್ನು ಕೊಬ್ಬರಿ ಎಣ್ಣೆಯಲ್ಲಿ ನೀರಿನಂಶ ಹೋಗಿ ಸದ್ದಡಗುವವರೆಗೆ ಕಾಯಿಸಿದರೆ ಎಣ್ಣೆ ಕನರುವುದಿಲ್ಲ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ದಿನಗಟ್ಟಲೆ ಹೊರಗಿಟ್ಟು ತಿನ್ನುವ ಅಭ್ಯಾಸ ಅಪಾಯಕಾರಿ. ಗಾಳಿಯಾಡದ ಆ ತಳದಲ್ಲಿ ವಾಸನೆಯೂ ತೋರದ ವಿಷ ಬೆಳೆಯಬಹುದು.

ಗರ್ಭಿಣಿಯರು, ರಕ್ತದೊತ್ತಡಕ್ಕೆ ಗುಳಿಗೆ ನುಂಗುವವರು ಯಾವ ಸಾರವನ್ನೂ ವೈದ್ಯರನ್ನು ಕೇಳದೆ ಸೇವಿಸಬಾರದು. ಆಡುಸೋಗೆ ಬಸುರಿಗೆ ಆಗದು, ಜ್ಯೇಷ್ಠಮಧು ರಕ್ತದೊತ್ತಡ ಏರಿಸುತ್ತದೆ. ಶೀಸೆಯ ಮೇಲೆ ಮೂಲಿಕೆಯ ಹೆಸರು, ನೆನೆಹಾಕಿದ ದ್ರವ, ತಾರೀಕು ಈ ಮೂರನ್ನೂ ಬರೆದು ಅಂಟಿಸಿ, ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿಡಿ.