ರಕ್ಷಿಸಿ ತಂದ ಮಣ್ಣುಮುಕ್ಕ ಹಾವಿನಲ್ಲಿ ಜೀರ್ಣನಾಳದ ತಡೆ: ಗುರುತಿಸುವಿಕೆ ಮತ್ತು ಪರಿಹಾರ ಕ್ರಮ

(ಪಶುವೈದ್ಯಾಧಿಕಾರಿಗಳು, ಪಶುವೈದ್ಯ ಪರೀಕ್ಷಕರು ಹಾಗೂ ಗ್ರಾಮ ಪಂಚಾಯತಿ ಸಿಬ್ಬಂದಿಯ ಮಾಹಿತಿಗಾಗಿ ಅಧ್ಯಯನ ಲೇಖನ)

ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡ ಅಥವಾ ಐಶ್ವರ್ಯ ತರುತ್ತದೆಂಬ ನಂಬಿಕೆಯಿಂದ ಮನೆಯಲ್ಲಿ ಬಚ್ಚಿಟ್ಟು ಸಾಕಿದ್ದ ಮಣ್ಣುಮುಕ್ಕ ಹಾವನ್ನು ಅರಣ್ಯ ಸಿಬ್ಬಂದಿಯು ಸಾಮಾನ್ಯವಾಗಿ ಮೊದಲು ತರುವುದು ಸಮೀಪದ ಪಶು ಆಸ್ಪತ್ರೆಗೆ. ಎಮ್ಮೆ, ಹಸು, ಕುರಿಗಳ ಚಿಕಿತ್ಸೆಯಲ್ಲಿ ನುರಿತ ವೈದ್ಯರಿಗೂ ಈ ರೋಗಿ ಹೊಸದು. ಬಾಲವು ತಲೆಯಂತೆಯೇ ಮೊಂಡಾಗಿರುವುದರಿಂದ ಜನರು ಇದನ್ನು ಎರಡು ತಲೆ ಹಾವು ಎಂದು ಕರೆಯುತ್ತಾರೆ. ವಿಷವಿಲ್ಲದ, ಇಲಿಗಳನ್ನು ತಿಂದು ಬದುಕುವ, ರೈತನಿಗೆ ಉಪಕಾರಿಯಾದ ಈ ಹಾವು 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯಡಿ ರಕ್ಷಿತ ಜೀವಿಯಾಗಿದೆ. ಅದನ್ನು ಹಿಡಿಯುವುದೂ ಸಾಕುವುದೂ ಮಾರುವುದೂ ಅಪರಾಧ.

ಇಂತಹ ಹಾವುಗಳಲ್ಲಿ ಜೀರ್ಣನಾಳದ ತಡೆಗೆ ವಿಶೇಷ ಕಾರಣವೊಂದಿದೆ. ಕಳ್ಳಪೇಟೆಯಲ್ಲಿ ಈ ಹಾವಿನ ಬೆಲೆಯನ್ನು ತೂಕದ ಮೇಲೆ ಕಟ್ಟುತ್ತಾರೆ. ಆದ್ದರಿಂದ ತೂಕ ಹೆಚ್ಚಿಸಲು ಲೋಹದ ಗುಂಡುಗಳನ್ನು ಅದರ ಬಾಯಿಗೆ ಬಲವಂತವಾಗಿ ತುರುಕಿದ ಪ್ರಕರಣಗಳು ವರದಿಯಾಗಿವೆ. ವಶಪಡಿಸಿಕೊಂಡ ಮಣ್ಣುಮುಕ್ಕ ಹಾವು ಮೇಲ್ನೋಟಕ್ಕೆ ದಷ್ಟಪುಷ್ಟವಾಗಿ ಕಂಡರೂ ಅದರ ಹೊಟ್ಟೆಯಲ್ಲಿ ಏನಿದೆ ಎಂಬುದನ್ನು ತಿಳಿಯದೆ ಕಾಡಿಗೆ ಬಿಡತಕ್ಕದ್ದಲ್ಲ.

ತಡೆ ಉಂಟಾಗುವ ಬಗೆ

ಹಾವಿನ ಜೀರ್ಣನಾಳವು ನೇರವಾದ ಉದ್ದನೆಯ ಕೊಳವೆಯಂತಿದೆ. ಬಾಯಿಯಿಂದ ಬಾಲದವರೆಗಿನ ದೇಹವನ್ನು ಮೂರು ಭಾಗವಾಗಿ ಊಹಿಸಿಕೊಂಡರೆ ಮೊದಲ ಭಾಗದಲ್ಲಿ ಅನ್ನನಾಳ ಮತ್ತು ಹೃದಯ, ನಡುಭಾಗದಲ್ಲಿ ಯಕೃತ್ತು ಮತ್ತು ಜಠರ, ಕೊನೆಯ ಭಾಗದಲ್ಲಿ ಕರುಳು ಹಾಗೂ ಮೂತ್ರಪಿಂಡಗಳಿವೆ. ಹಾವಿಗೆ ಮೂತ್ರಕೋಶವಿಲ್ಲ. ಮಲವೂ ಸುಣ್ಣದಂತಹ ಬಿಳಿಯ ಯೂರಿಕ್ ಆಮ್ಲದ ಉಂಡೆಯೂ ಒಂದೇ ದ್ವಾರದಿಂದ ಹೊರಬರುತ್ತವೆ. ಉಬ್ಬು ಎಲ್ಲಿದೆ ಎಂಬುದರಿಂದಲೇ ಅರ್ಧ ರೋಗನಿರ್ಣಯವಾಗುತ್ತದೆ. ಜಠರದಲ್ಲಿ ಸಿಕ್ಕ ವಸ್ತುವನ್ನು ಹಾವು ಕಕ್ಕಲು ಯತ್ನಿಸುತ್ತದೆ. ಕೊನೆಯ ಭಾಗದ ಗಟ್ಟಿ ಉಬ್ಬು ಬಹುತೇಕ ಮಲದ್ದು ಅಥವಾ ಒಣಗಿದ ಬಿಳಿ ಉಂಡೆಯದ್ದು.

ಲೋಹದ ಗುಂಡುಗಳಲ್ಲದೆ ಬೇರೆ ಕಾರಣಗಳೂ ಇವೆ. ಗೋಣಿಚೀಲದಲ್ಲೋ ಮಡಕೆಯಲ್ಲೋ ವಾರಗಟ್ಟಲೆ ನೀರಿಲ್ಲದೆ ಇಟ್ಟ ಹಾವಿನ ಮಲ ಒಣಗಿ ಕಲ್ಲಿನಂತಾಗುತ್ತದೆ. ಚಳಿಯಲ್ಲಿಟ್ಟ ಹಾವಿನ ಕರುಳು ಚಲಿಸುವುದೇ ಇಲ್ಲ. ಹಾವು ಶೀತರಕ್ತ ಪ್ರಾಣಿಯಾದುದರಿಂದ ಮೈ ಬೆಚ್ಚಗಾಗದೆ ಜೀರ್ಣಕ್ರಿಯೆ ನಡೆಯದು. ಒದ್ದೆಯಾದ ಇಲಿಗೆ ಅಂಟಿದ ಮರಳು, ತೆಂಗಿನ ನಾರು, ಮರದ ಹೊಟ್ಟು ಒಳಸೇರಿಯೂ ತಡೆಯಾಗಬಹುದು. ಬೇರೆ ಜಾತಿಯ ಹಾವುಗಳು ಪ್ಲಾಸ್ಟಿಕ್, ಬಟ್ಟೆಗಳನ್ನು ನುಂಗಿದ ಉದಾಹರಣೆಗಳೂ ಇವೆ. 2020ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸಾಕಿದ್ದ ಹೆಬ್ಬಾವೊಂದು ಇಡೀ ಟವೆಲನ್ನೇ ನುಂಗಿತ್ತು. ವೈದ್ಯರು ಎಂಡೋಸ್ಕೋಪ್ ಸಹಾಯದಿಂದ ಅದನ್ನು ಬಾಯಿಯ ಮೂಲಕವೇ ಹೊರತೆಗೆದರು. 2024ರಲ್ಲಿ ಒಡಿಶಾದ ಭುವನೇಶ್ವರದಲ್ಲಿ ನಾಗರಹಾವೊಂದು ಕೆಮ್ಮಿನ ಔಷಧದ ಬಾಟಲಿಯನ್ನು ನುಂಗಲಾರದೆ, ಉಗುಳಲಾರದೆ ಸಿಕ್ಕಿಹಾಕಿಕೊಂಡಿತ್ತು.

ಗುರುತಿಸುವಾಗ ಆಗುವ ತಪ್ಪುಗಳು

ಮಣ್ಣುಮುಕ್ಕ ಹಾವು ಮಣ್ಣಿನೊಳಗೆ ಹುದುಗಿ ಹಗಲೆಲ್ಲ ಅಲುಗಾಡದೆ ಇರುವ ಪ್ರಾಣಿ. ಮಂಕಾಗಿದೆ ಎಂಬ ಒಂದೇ ಕಾರಣಕ್ಕೆ ರೋಗವೆಂದು ತೀರ್ಮಾನಿಸುವಂತಿಲ್ಲ. ಮಲವಿಸರ್ಜನೆಯಾಗಿಲ್ಲ ಎಂಬುದೂ ಹಾಗೆಯೇ. ಆಹಾರ ತಿಂದ ಒಂದು ವಾರದ ನಂತರ, ಕೆಲವೊಮ್ಮೆ ಇನ್ನೂ ತಡವಾಗಿ, ಮಲ ಬರುವುದು ಸಹಜ. ಉಪವಾಸವಿದ್ದ ಹಾವಿನಲ್ಲಿ ಹೊರಬರಲು ಏನೂ ಇರುವುದಿಲ್ಲ. ಆದುದರಿಂದ ಹಾವನ್ನು ಒಪ್ಪಿಸುವವರನ್ನು ಕೊನೆಯ ಆಹಾರ ಯಾವಾಗ, ಏನು, ಯಾವುದರ ಮೇಲೆ ಮಲಗಿಸಿದ್ದರು ಎಂದು ಕೇಳಿ ಬರೆದುಕೊಳ್ಳುವುದು ಅಗತ್ಯ. ಆರೋಪಿಗಳು ನಿಜ ಹೇಳುವರೆಂದು ನಂಬಬೇಕಾಗಿಲ್ಲ.

ಇನ್ನೊಂದು ತಪ್ಪು ಹೆಚ್ಚು ಅಪಾಯಕಾರಿ. ಮಣ್ಣುಮುಕ್ಕ ಹಾವು ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ. ಗರ್ಭಿಣಿ ಹಾವಿನ ದೇಹದ ಹಿಂದಿನ ಅರ್ಧಭಾಗ ಉದ್ದಕ್ಕೂ ಸಮನಾಗಿ, ಮೃದುವಾಗಿ ಉಬ್ಬಿರುತ್ತದೆ. ಅದನ್ನು ಮಲಬದ್ಧತೆಯೆಂದು ಭಾವಿಸಿ ಒತ್ತಿದರೆ ತಾಯಿಯೂ ಮರಿಗಳೂ ಸಾಯಬಹುದು. ದೇಹದ ಒಂದೇ ಸ್ಥಳದಲ್ಲಿ ಗಟ್ಟಿಯಾದ, ಅಂಚು ಸ್ಪಷ್ಟವಾಗಿರುವ ಗಂಟು, ಅದರ ಹಿಂದೆ ಸೊರಗಿದ ಮೈ, ಮೇಲಿಂದ ಮೇಲೆ ಕಕ್ಕುವುದು, ಮಲದ್ವಾರದ ಬಳಿ ರಕ್ತ ಅಥವಾ ಹೊರಬಿದ್ದ ಕೆಂಪು ಮಾಂಸ, ಚರ್ಮ ಹಿಡಿದೆತ್ತಿದರೆ ಮಡಿಕೆ ಹಾಗೆಯೇ ನಿಲ್ಲುವುದು, ಕಣ್ಣು ಒಳಗಿಳಿದಿರುವುದು: ಇವು ನಿಜವಾದ ಎಚ್ಚರಿಕೆಯ ಚಿಹ್ನೆಗಳು. ಮೈಯ ನಡುಭಾಗದಲ್ಲಿ ಊತವಿದ್ದು ತಿಂದದ್ದನ್ನೆಲ್ಲ ಕಕ್ಕುವ ಹಾವಿನಲ್ಲಿ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರೋಪಜೀವಿಯಿಂದ ಜಠರದ ಗೋಡೆ ದಪ್ಪಗಾಗಿರುವ ಸಾಧ್ಯತೆಯೂ ಇದೆ. ಅಂತಹ ಹಾವನ್ನು ಇತರ ಹಾವುಗಳಿಂದ ಬೇರೆಯಾಗಿಯೇ ಇಡಬೇಕು.

ಗುರುತಿಸುವಿಕೆಗೆ ಸಂಬಂಧಿಸಿದಂತೆ ಇನ್ನೊಂದು ಮಾತು. ಚೀಲವನ್ನು ಬಿಚ್ಚುವ ಮೊದಲು ಒಳಗಿರುವುದು ಮಣ್ಣುಮುಕ್ಕವೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ದಪ್ಪ, ಗಿಡ್ಡ ಮೈಯ ಕೊಳಕುಮಂಡಲವನ್ನು ನಿರುಪದ್ರವಿ ಹಾವೆಂದು ಕೈಯಲ್ಲಿ ಹಿಡಿದವರಿದ್ದಾರೆ. ಕಚ್ಚಿದಲ್ಲಿ ಕಟ್ಟು ಹಾಕುವುದು, ಕೊಯ್ಯುವುದು ಬೇಡ. 108ಕ್ಕೆ ಕರೆ ಮಾಡಿ ಪ್ರತಿವಿಷವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೊದಲ ಮೂರು ದಿನಗಳ ಆರೈಕೆ

ಹಾವು ಬಂದೊಡನೆ ಗ್ರಾಂ ಲೆಕ್ಕದಲ್ಲಿ ತೂಕ ಮಾಡಿ, ಉದ್ದ ಅಳೆದು ದಾಖಲಿಸತಕ್ಕದ್ದು. ಗಾಳಿರಂಧ್ರಗಳಿರುವ, ಮುಚ್ಚಳ ಭದ್ರವಾದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹಳೆಯ ದಿನಪತ್ರಿಕೆ ಹಾಸಿ ಇಡುವುದು ಸೂಕ್ತ. ಮಣ್ಣಿನಲ್ಲಿ ಇಟ್ಟರೆ ಹಾವಿಗೆ ಹಿತವಾದರೂ ಮಲ ಬಿದ್ದದ್ದು, ಕಕ್ಕಿದ್ದು, ಲೋಹದ ಗುಂಡು ಹೊರಬಂದದ್ದು ಕಾಣುವುದಿಲ್ಲ. ಪೆಟ್ಟಿಗೆಯ ಒಂದು ಬದಿ 30ರಿಂದ 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ ಸುಮಾರು 25 ಡಿಗ್ರಿ ಇರಬೇಕು. ಹಾವು ತನಗೆ ಬೇಕಾದ ಜಾಗವನ್ನು ತಾನೇ ಆರಿಸಿಕೊಳ್ಳುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇದನ್ನು ಮರೆತರೆ ಉಳಿದ ಚಿಕಿತ್ಸೆಯೆಲ್ಲ ವ್ಯರ್ಥ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪೆಟ್ಟಿಗೆಯ ಹೊರಗೆ ಒರಗಿಸಿದರೆ ಸಾಕು. ಒಳಗೆ ಬಲ್ಬು ಇಟ್ಟರೆ ಹಾವು ಅದಕ್ಕೆ ಸುತ್ತಿಕೊಂಡು ಮೈ ಸುಟ್ಟುಕೊಳ್ಳುತ್ತದೆ.

ಕುಡಿಯಲು ಶುದ್ಧ ನೀರನ್ನು ಸದಾ ಇಡಬೇಕು. ದಿನಕ್ಕೊಮ್ಮೆ 28ರಿಂದ 30 ಡಿಗ್ರಿಯ ಉಗುರುಬೆಚ್ಚನೆ ನೀರಿನಲ್ಲಿ 20ರಿಂದ 30 ನಿಮಿಷ ಇರಿಸುವುದರಿಂದ ಸಾಧಾರಣ ಮಲಬದ್ಧತೆ ಎಷ್ಟೋ ಸಲ ತಾನಾಗಿಯೇ ನಿವಾರಣೆಯಾಗುತ್ತದೆ. ನೀರಿನ ಆಳ ಹಾವಿನ ಮೈ ದಪ್ಪದ ಅರ್ಧಕ್ಕಿಂತ ಹೆಚ್ಚಿರಬಾರದು. ನಿತ್ರಾಣವಾದ ಹಾವು ಅಂಗೈ ಆಳದ ನೀರಿನಲ್ಲೂ ಮುಳುಗಿ ಸಾಯಬಹುದಾದ್ದರಿಂದ ಸಿಬ್ಬಂದಿಯೊಬ್ಬರು ಕೊನೆಯವರೆಗೂ ಪಕ್ಕದಲ್ಲಿಯೇ ಇರತಕ್ಕದ್ದು.

ಈ ಅವಧಿಯಲ್ಲಿ ಆಹಾರ ಕೊಡುವಂತಿಲ್ಲ. ಹಾಲು ಹಾಕುವುದಂತೂ ಸಲ್ಲದು. ನಾಗರಪಂಚಮಿಯ ಭಕ್ತಿ ಏನೇ ಇರಲಿ, ಹಾಲು ಹಾವಿನ ಆಹಾರವಲ್ಲ. ಹರಳೆಣ್ಣೆಯನ್ನೋ ಅಡುಗೆ ಎಣ್ಣೆಯನ್ನೋ ಬಾಯಿಗೆ ಸುರಿಯುವ ರೂಢಿಯೂ ಕೆಲವೆಡೆ ಇದೆ. ಹಾವಿನ ಶ್ವಾಸನಾಳದ ದ್ವಾರವು ಬಾಯಿಯ ತಳದಲ್ಲಿ ಮುಂಭಾಗದಲ್ಲಿಯೇ ಇರುವುದರಿಂದ ಸುರಿದ ಎಣ್ಣೆ ನೇರವಾಗಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಉಂಟುಮಾಡುತ್ತದೆ. ಗಂಟನ್ನು ಬೆರಳಿನಿಂದ ಹಿಂಡಿ ಹೊರತಳ್ಳುವ ಯತ್ನವನ್ನು ಯಾರೂ ಮಾಡತಕ್ಕದ್ದಲ್ಲ. ಹಾವಿನ ಕರುಳಿನ ಗೋಡೆ ತೆಳುವಾದದ್ದು. ಅದು ಒಳಗೆ ಒಡೆದದ್ದು ಹೊರಗೆ ಕಾಣುವುದಿಲ್ಲ.

ಮಲದ್ವಾರದಿಂದ ಮಾಂಸ ಹೊರಬಿದ್ದಿದ್ದರೆ ಸಲೈನ್‌ನಲ್ಲಿ ಅದ್ದಿದ ಶುದ್ಧ ಬಟ್ಟೆಯಿಂದ ಅದನ್ನು ತೇವವಾಗಿಟ್ಟು ಅಂದೇ ವೈದ್ಯರ ಬಳಿ ಒಯ್ಯಬೇಕು. ಕಕ್ಕುವಿಕೆ, ರಕ್ತಸ್ರಾವ ಅಥವಾ ಗಟ್ಟಿ ಗಂಟು ಇರುವ ಹಾವಿಗೂ ಮೂರು ದಿನಗಳ ಕಾಯುವಿಕೆ ಅನ್ವಯಿಸದು.

ವೈದ್ಯಾಧಿಕಾರಿಗಳು ಕೈಗೊಳ್ಳುವ ಕ್ರಮ

ವಶಪಡಿಸಿಕೊಂಡ ಪ್ರತಿಯೊಂದು ಮಣ್ಣುಮುಕ್ಕ ಹಾವಿಗೂ ಎಕ್ಸ್-ರೇ ಅಪೇಕ್ಷಣೀಯ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯಲ್ಲಿ ಹಾವನ್ನು ನೇರವಾಗಿ ಇರಿಸಿ, ಮೇಲಿನಿಂದ ಮತ್ತು ಪಕ್ಕದಿಂದ ಎರಡು ಚಿತ್ರ ತೆಗೆಯುವುದು ಸೂಕ್ತ. ಸುರುಳಿ ಸುತ್ತಿದ ಹಾವಿನ ಚಿತ್ರದಲ್ಲಿ ಒಂದು ಭಾಗ ಇನ್ನೊಂದರ ಮೇಲೆ ಬಿದ್ದು ಗೊಂದಲವಾಗುತ್ತದೆ. ಲೋಹ ತಕ್ಷಣ ಕಾಣುತ್ತದೆ. ಬಟ್ಟೆ, ಪ್ಲಾಸ್ಟಿಕ್ ಕಾಣದೆ ಹೋಗಬಹುದು. ಗರ್ಭದ ಸಂಶಯವಿದ್ದರೆ ಅಲ್ಟ್ರಾಸೌಂಡ್ ಹೆಚ್ಚು ಉಪಯುಕ್ತ. ತಾಲ್ಲೂಕಿನಲ್ಲಿ ಸೌಲಭ್ಯವಿಲ್ಲದಿದ್ದಲ್ಲಿ ಜಿಲ್ಲಾ ಪಾಲಿಕ್ಲಿನಿಕ್‌ಗೆ ಅಥವಾ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳ ಪೈಕಿ ಸಮೀಪದ್ದಕ್ಕೆ ಕಳುಹಿಸಬಹುದು.

ನಿರ್ಜಲೀಕರಣವಾದ ಹಾವಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 15ರಿಂದ 25 ಮಿಲಿಲೀಟರ್ ಪ್ರಮಾಣದಲ್ಲಿ ಬೆಚ್ಚಗಿನ ದ್ರವವನ್ನು ಚರ್ಮದ ಕೆಳಗೆ ಕೊಡಬಹುದು. 400 ಗ್ರಾಂ ತೂಗುವ ಹಾವಿಗೆ ಇದು 6ರಿಂದ 10 ಮಿಲಿಲೀಟರ್ ಮಾತ್ರ. ಕರುವಿಗೆ ಕೊಡುವ ಅಭ್ಯಾಸದ ಕೈ ಇಲ್ಲಿ ಲೆಕ್ಕ ತಪ್ಪದಿರಲಿ. ನೀರಿನಂಶ ಸರಿಹೋದ ಮೇಲೆಯೇ, ಕೊನೆಯ ಭಾಗದ ಮೃದು ಮಲದ ತಡೆಗೆ ಬೆಚ್ಚನೆಯ ಸಲೈನ್ ಎನಿಮಾ ಪ್ರಯತ್ನಿಸಬಹುದು. ಜಾರಿಕೆ ಲೇಪಿಸಿದ ಮೆತ್ತನೆಯ ನಳಿಕೆ, ಅತ್ಯಲ್ಪ ಒತ್ತಡ, ಅಡ್ಡಿ ಎದುರಾದಲ್ಲಿ ಅಲ್ಲಿಗೇ ನಿಲ್ಲಿಸುವುದು ಇಲ್ಲಿಯ ನಿಯಮ.

ಲೋಹದ ಗುಂಡು ಜಠರದಲ್ಲಿದ್ದು, ಬೆಚ್ಚನೆಯ ವಾತಾವರಣ ಮತ್ತು ನೀರಿನ ಹೊರತಾಗಿಯೂ ಮುಂದಿನ ಎಕ್ಸ್-ರೇಗಳಲ್ಲಿ ಸ್ಥಾನ ಬದಲಿಸದಿದ್ದರೆ ಎಂಡೋಸ್ಕೋಪ್ ಅಥವಾ ಶಸ್ತ್ರಚಿಕಿತ್ಸೆಯೇ ಮಾರ್ಗ. ಸೀಸದ ಸಂಶಯವಿದ್ದರೆ ಕಾಯುವುದು ಬೇಡ. ಕೊಯ್ತವನ್ನು ಹೊಟ್ಟೆಯ ಅಗಲ ಹುರುಪೆಗಳ ಮೇಲೆ ಹಾಕದೆ, ಪಕ್ಕದ ಸಣ್ಣ ಹುರುಪೆಗಳ ಸಾಲುಗಳ ನಡುವೆ ಹಾಕಬೇಕು. ಹಾವಿನ ಗಾಯ ನಿಧಾನವಾಗಿ ಕೂಡುತ್ತದೆ. ಹೊಲಿಗೆಗಳನ್ನು ಆರರಿಂದ ಎಂಟು ವಾರ, ಸಾಧ್ಯವಾದರೆ ಮುಂದಿನ ಪೊರೆ ಕಳಚುವವರೆಗೆ ಉಳಿಸಿಕೊಳ್ಳುವುದು ವಾಡಿಕೆ.

ದಾಖಲೆ ಮತ್ತು ಬಿಡುಗಡೆ

ಹೊರಬಂದ ಅಥವಾ ಹೊರತೆಗೆದ ಗುಂಡುಗಳು ಪ್ರಕರಣದ ಸಾಕ್ಷ್ಯ. ಅವುಗಳನ್ನು ತೊಳೆದು ಬಿಸಾಡದೆ ಎಣಿಸಿ, ತೂಗಿ, ಛಾಯಾಚಿತ್ರ ತೆಗೆದು, ಅರಣ್ಯಾಧಿಕಾರಿಗಳ ಸಮ್ಮುಖದಲ್ಲಿ ಮಹಜರು ಮಾಡಿ ಮೊಹರು ಮಾಡಿದ ಲಕೋಟೆಯಲ್ಲಿ ಒಪ್ಪಿಸತಕ್ಕದ್ದು. ಎಕ್ಸ್-ರೇ ಪ್ರತಿ ಹಾಗೂ ತೂಕದ ದಾಖಲೆಯನ್ನು ವೈದ್ಯಕೀಯ ವರದಿಯೊಂದಿಗೆ ಲಗತ್ತಿಸಬೇಕು. ಬಂದ ದಿನದ ತೂಕಕ್ಕೂ ಗುಂಡು ತೆಗೆದ ನಂತರದ ತೂಕಕ್ಕೂ ಇರುವ ಅಂತರವು ನ್ಯಾಯಾಲಯದಲ್ಲಿ ಬಾಯಿಮಾತಿಗಿಂತ ಬಲವಾದದ್ದು.

ಹಾವು ಸಹಜವಾಗಿ ಮಲ ವಿಸರ್ಜಿಸಿ, ನಂತರ ಕೊಟ್ಟ ಸಣ್ಣ ಇಲಿಯನ್ನು ಕಕ್ಕದೆ ಅರಗಿಸಿಕೊಂಡು, ಎರಡನೆಯ ಬಾರಿಯೂ ಮಲ ವಿಸರ್ಜಿಸಿದರೆ ಜೀರ್ಣನಾಳ ತೆರೆದಿದೆ ಎಂದು ಭಾವಿಸಬಹುದು. ಬಿಡುಗಡೆಯ ಸ್ಥಳ ಮತ್ತು ದಿನವನ್ನು ವಲಯ ಅರಣ್ಯಾಧಿಕಾರಿಗಳು ನ್ಯಾಯಾಲಯದ ಆದೇಶದಂತೆ ನಿರ್ಧರಿಸುತ್ತಾರೆ. ಅಲ್ಲಿಯವರೆಗೆ ಹಾವನ್ನು ಸಾರ್ವಜನಿಕರ ದರ್ಶನಕ್ಕಾಗಲಿ, ಛಾಯಾಚಿತ್ರಕ್ಕಾಗಲಿ ಹೊರತೆಗೆಯತಕ್ಕದ್ದಲ್ಲ.